ಮಮತೆ ಮತ್ತು ಋಣ: ಠಾಣೆ–ಕಲ್ಯಾಣ ಪರಿಸರದಿಂದ ಕಂಡ ಕನ್ನಡ ಕಥಾಪಾತ್ರಗಳು

1

ಲೇಖಕನೊಬ್ಬ ತನ್ನ ಬರವಣಿಗೆಯ ಅವಧಿಯಲ್ಲಿ ನೂರಾರು ಪಾತ್ರಗಳನ್ನು ಸೃಷ್ಟಿಸುತ್ತಾನೆ. ಅವುಗಳಲ್ಲಿ ಬಹುಪಾಲು ಕಥೆಯ ಅಗತ್ಯ ಮುಗಿದೊಡನೆ ಅವನ ಮನಸ್ಸಿನಿಂದಲೂ ಮರೆಯಾಗುತ್ತವೆ. ಕೆಲವು ಮಾತ್ರ ಉಳಿಯುತ್ತವೆ; ಮತ್ತೆ ಮತ್ತೆ ಬೇರೆ ಬೇರೆ ಹೆಸರಿನಲ್ಲಿ ಮರಳಿ ಬರುತ್ತವೆ; ಅವುಗಳ ಬಗ್ಗೆ ಮಾತನಾಡುವಾಗ ಲೇಖಕನ ಧ್ವನಿಯೇ ಬದಲಾಗುತ್ತದೆ. ಈ ಕೆಲವನ್ನು ಉಳಿದವುಗಳಿಂದ ಬೇರ್ಪಡಿಸುವುದು ಯಾವುದು ಎಂಬ ಪ್ರಶ್ನೆಯನ್ನು ಕನ್ನಡ ವಿಮರ್ಶೆ ಅಷ್ಟಾಗಿ ಎತ್ತಿಕೊಂಡಿಲ್ಲ. ಇದಕ್ಕೆ ಕಾರಣವೂ ಇದೆ. ನವ್ಯ ವಿಮರ್ಶೆಯು ಎಲಿಯಟ್‌ನ ನಿರ್ವೈಯಕ್ತಿಕತೆಯ ತತ್ತ್ವವನ್ನು ತನ್ನದಾಗಿಸಿಕೊಂಡಾಗ ಕೃತಿಕಾರನಿಗೆ ಪಾತ್ರದ ಮೇಲಿರುವ ಮಮತೆಯು ಕಲೆಯ ದೌರ್ಬಲ್ಯವೆಂಬ ಭಾವನೆ ತಾನಾಗಿ ಬೇರೂರಿತು. ಪಾತ್ರವನ್ನು ಪ್ರೀತಿಸುವವನು ಅದನ್ನು ಸರಿಯಾಗಿ ನೋಡಲಾರನೆಂದು ನಾವೂ ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ.

ಪ್ರಸ್ತುತ ಲೇಖನದಲ್ಲಿ ಈ ನಂಬಿಕೆಯನ್ನು ಒಂದು ನಿರ್ದಿಷ್ಟ ಪರಿಸರದ ನೆಲೆಯಿಂದ ಮರುಪರಿಶೀಲಿಸಲು ಯತ್ನಿಸಿದ್ದೇವೆ. ಆ ಪರಿಸರವೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿ. ಕರ್ನಾಟಕದ ಹೊರಗಿದ್ದು ಕನ್ನಡವನ್ನು ಅಭ್ಯಸಿಸುವವರಿಗೆ ಮುಂಬಯಿ ಕನ್ನಡ ಸಾಹಿತ್ಯದ ಹೆಸರು ಅಪರಿಚಿತವಲ್ಲ. ಆದರೆ ಅದನ್ನು ಕುರಿತ ಚರ್ಚೆಯು ಸಾಮಾನ್ಯವಾಗಿ ‘ಊರಿನ ಹಂಬಲ’ ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತದೆ. ವಲಸೆ ಬಂದವನು ಊರನ್ನು ನೆನೆಯುತ್ತಾನೆ, ಆದ್ದರಿಂದ ಊರಿನ ಪಾತ್ರಗಳನ್ನು ಪ್ರೀತಿಸುತ್ತಾನೆ ಎಂಬ ಈ ವಿವರಣೆ ತಪ್ಪಲ್ಲವಾದರೂ ತೀರ ಅಪೂರ್ಣ. ಅದು ಎಲ್ಲಿ ಅಪೂರ್ಣವೆಂಬುದನ್ನು ತೋರಿಸುವುದು ನಮ್ಮ ಮೊದಲ ಉದ್ದೇಶ. ಈ ಮಮತೆ ಯಾರನ್ನು ಒಳಗೊಂಡಿದೆ, ಯಾರನ್ನು ಹೊರಗಿಟ್ಟಿದೆ ಎಂದು ಕೇಳುವುದು ಎರಡನೆಯದು.

2

ಚರ್ಚೆಯನ್ನು ಮುಂದುವರಿಸುವ ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕನ್ನಡ ಕಾವ್ಯಪರಂಪರೆಯಲ್ಲಿ ಕವಿಗೆ ಪಾತ್ರದ ಮೇಲಿನ ಒಲವು ಹೊಸದಲ್ಲ. 10ನೆಯ ಶತಮಾನದ ಪಂಪ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಆದರೂ ಕಾವ್ಯದ ಒಳಗಿನ ಒಲವು ಕರ್ಣನ ಕಡೆಗೆ ಹರಿದಿರುವುದನ್ನು ಓದುಗರು ತಲೆಮಾರುಗಳಿಂದ ಗುರುತಿಸಿದ್ದಾರೆ. ಕೃತಿಯ ಒಪ್ಪಂದ ಅರ್ಜುನನೊಡನೆ, ಕವಿಯ ಅಂತಃಕರಣ ಕರ್ಣನೊಡನೆ. ರನ್ನನ ದುರ್ಯೋಧನನ ವಿಷಯದಲ್ಲಿಯೂ ಇಂಥದೇ ಮಾತನ್ನು ಹೇಳಬಹುದು.

ಆದರೆ ಕರ್ಣನಾಗಲಿ ದುರ್ಯೋಧನನಾಗಲಿ ಕವಿಗೆ ಪರಂಪರೆಯಿಂದ ಬಂದವರು. ಅವರ ಹುಟ್ಟು ಸಾವುಗಳು ಮೊದಲೇ ನಿರ್ಣಯವಾಗಿವೆ. ಕವಿ ಎಷ್ಟೇ ಮರುಗಿದರೂ ಕರ್ಣನ ರಥದ ಗಾಲಿಯನ್ನು ನೆಲದಿಂದ ಎತ್ತಲಾರ. ಆಧುನಿಕ ಕಥೆಗಾರನ ಸ್ಥಿತಿ ಬೇರೆ. ಅವನ ಪಾತ್ರ ಅವನದೇ ಕಲ್ಪನೆಯಿಂದ ಬಂದದ್ದು. ಅದನ್ನು ಬದುಕಿಸುವ, ಕೊಲ್ಲುವ, ಊರು ಬಿಡಿಸುವ ಅಧಿಕಾರವೆಲ್ಲ ಅವನದೇ. ಆನಂದವರ್ಧನನು ಕವಿಯನ್ನು ಪ್ರಜಾಪತಿಗೆ ಹೋಲಿಸಿದ್ದು ಇಲ್ಲಿ ಹೆಚ್ಚು ನಿಜವಾಗುತ್ತದೆ. ಆದ್ದರಿಂದಲೇ ಪ್ರಶ್ನೆ ಕಠಿಣವಾಗುತ್ತದೆ: ಪೂರ್ಣ ಅಧಿಕಾರವಿರುವಲ್ಲಿ ಮಮತೆ ಹುಟ್ಟುವುದು ಹೇಗೆ? ನಮ್ಮ ಮಾತನ್ನು ಕೇಳುವ ವಸ್ತುವಿನ ಮೇಲೆ ನಮಗೆ ಒಡೆತನವಿರಬಹುದು, ಒಡೆತನ ಮಮತೆಯಲ್ಲ. ‘ಮಮತೆ’ ಎಂಬ ಪದದ ಮೂಲಾರ್ಥ ‘ನನ್ನದು’ ಎಂಬ ಭಾವವೇ ಆದರೂ, ಬಳಕೆಯ ಕನ್ನಡದಲ್ಲಿ ಅದು ನನ್ನದಾಗಿಯೂ ನನ್ನ ಕೈಮೀರಿದವರ ಬಗ್ಗೆ ಇರುವ ಭಾವ. ತಾಯಿಗೆ ಮಗುವಿನ ಮೇಲಿರುವುದು ಇಂಥ ಮಮತೆ.

ಓದುಗರ ಮಮತೆಯನ್ನು ಇದರಿಂದ ಬೇರ್ಪಡಿಸಬೇಕು. ಷರ್ಲಾಕ್ ಹೋಮ್ಸ್‌ನನ್ನು 1893ರಲ್ಲಿ ಕೊಂದ ಕಾನನ್ ಡಾಯ್ಲ್ ಹತ್ತು ವರ್ಷಗಳ ನಂತರ ಅವನನ್ನು ಮತ್ತೆ ಜೀವಂತ ತರಬೇಕಾಯಿತು. ಅಲ್ಲಿ ಪಾತ್ರವನ್ನು ಬಿಡಲಾರದವರು ಓದುಗರೇ ಹೊರತು ಲೇಖಕನಲ್ಲ. ನಮ್ಮಲ್ಲಿ ಬೀಚಿಯವರ ತಿಂಮ ಇಬ್ಬರಿಗೂ ಸೇರಿದವನು; ಪುಸ್ತಕದಿಂದ ಪುಸ್ತಕಕ್ಕೆ ಸಾಗಿದ ಅವನು ಲೇಖಕರಿಗೆ ಹೇಳಬೇಕಾದದ್ದನ್ನು ಹೇಳುವ ಬಾಯಿಯೂ ಓದುಗರಿಗೆ ಪರಿಚಿತ ನೆಂಟನೂ ಆಗಿದ್ದಾನೆ. ಪಿರಾಂಡೆಲ್ಲೊ 1921ರ ತನ್ನ ನಾಟಕದಲ್ಲಿ ಕರ್ತೃವನ್ನು ಹುಡುಕಿಕೊಂಡು ಅಲೆಯುವ ಆರು ಪಾತ್ರಗಳನ್ನು ರಂಗದ ಮೇಲೆ ತಂದನು. ಮುಂಬಯಿ ಪರಿಸರದ ಕನ್ನಡದಲ್ಲಿ ನಮಗೆ ಕಾಣುವುದು ಇದರ ವಿಪರ್ಯಾಸ: ಇಲ್ಲಿ ಕರ್ತೃವೇ ಪಾತ್ರವನ್ನು ಹುಡುಕಿಕೊಂಡು ಹೊರಟಿದ್ದಾನೆ.

3

ಈ ಪರಿಸರದ ಸ್ವರೂಪವನ್ನು ಸಂಕ್ಷೇಪವಾಗಿ ನೆನೆಯುವುದು ಅಗತ್ಯ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಸುಮಾರು 34 ಕಿಲೋಮೀಟರ್ ದೂರ ಓಡಿತು. ಮರುವರ್ಷ ಅದು ಕಲ್ಯಾಣವನ್ನು ಮುಟ್ಟಿತು. ಅಂದಿನಿಂದ ಈ ಊರುಗಳ ಬದುಕನ್ನು ಲೋಕಲ್ ರೈಲಿನಿಂದ ಬೇರ್ಪಡಿಸಿ ಯೋಚಿಸುವುದು ಅಸಾಧ್ಯವಾಗಿದೆ. ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆ 1983ರಲ್ಲಿ ರಚಿತವಾಯಿತು. ಖಾಡಿಯ ಆಚೆಗೆ ಹೊಸ ನಗರವನ್ನು ಕಟ್ಟಲೆಂದು ಸಿಡ್ಕೋ ಸಂಸ್ಥೆ 1970ರಲ್ಲಿ ಸ್ಥಾಪಿತವಾಯಿತು. 1992ರಲ್ಲಿ ನವಿ ಮುಂಬಯಿಗೆ ತನ್ನದೇ ಆದ ಮಹಾನಗರಪಾಲಿಕೆ ಬಂತು, ಅದೇ ವರ್ಷ ವಾಶಿಗೆ ರೈಲೂ ಬಂತು. ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಮತ್ತು ಡೊಂಬಿವಲಿಯಲ್ಲಿ ರಾಸಾಯನಿಕ ಕಾರ್ಖಾನೆಗಳು ಬೆಳೆದವು.

ಇಲ್ಲಿಗೆ ಬಂದ ಕನ್ನಡಿಗರು ಒಂದೇ ಬಗೆಯವರಲ್ಲ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಅದಕ್ಕೇ ಸೇರಿದ್ದವು. 1956ರವರೆಗೆ ಈ ಭಾಗದವರಿಗೆ ಮುಂಬಯಿ ಪರರಾಜ್ಯವಾಗಿರದೆ ತಮ್ಮ ರಾಜಧಾನಿಯೇ ಆಗಿತ್ತು. ಓದಿಗೂ ನೌಕರಿಗೂ ಅಲ್ಲಿಗೆ ಹೋಗುವುದು ವಾಡಿಕೆಯಾಗಿತ್ತು. ಕರಾವಳಿಯ ತುಳು–ಕನ್ನಡಿಗರು ಹೋಟೆಲು ಉದ್ಯಮದ ಮೂಲಕ ಬಂದರು. ಅಲ್ಲಿ ದುಡಿಯುವ ಹುಡುಗರು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತರು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕೂಲಿಕಾರರು ಬರಗಾಲದ ದಾರಿಯಲ್ಲಿ ಬಂದು ಕಟ್ಟಡಗಳ ಕೆಲಸಕ್ಕೆ ನಿಂತರು. ಮುಂಬಯಿಯ ಬಾಡಿಗೆ ಏರಿದಂತೆ ಮಧ್ಯಮ ವರ್ಗದ ಕನ್ನಡ ಕುಟುಂಬಗಳು ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೂ ಅನಂತರ ನವಿ ಮುಂಬಯಿಗೂ ಸರಿದವು. ಊರಿಗೊಂದು ಕನ್ನಡ ಸಂಘ, ಯಕ್ಷಗಾನ, ನಾಟಕ, ಕವಿಗೋಷ್ಠಿ ಇವೆಲ್ಲ ಅವರ ಹಿಂದೆಯೇ ಬಂದವು.

ಈ ವಿವರಗಳಿಂದ ನಮಗೆ ಬೇಕಾದ ಅಂಶ ಒಂದೇ. ಡೊಂಬಿವಲಿಯ ಕನ್ನಡಿಗ ಬೆಳಗಿನಿಂದ ಸಂಜೆಯವರೆಗೆ ರೈಲಿನಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ ಮತ್ತು ಇಂಗ್ಲಿಷ್, ಮನೆಯಲ್ಲಿ ತುಳು, ಕೊಂಕಣಿ ಅಥವಾ ತನ್ನ ಸೀಮೆಯ ಕನ್ನಡ ಮಾತನಾಡುತ್ತಾನೆ. ಗ್ರಂಥಸ್ಥ ಕನ್ನಡದಲ್ಲಿ ಅವನೊಡನೆ ಮಾತನಾಡುವವರು ಯಾರೂ ಇಲ್ಲ. ಅವನು ಲೇಖಕನಾಗಿದ್ದರೆ, ಅವನ ಪಾತ್ರ ಮಾತ್ರ ಹಾಗೆ ಮಾತನಾಡುತ್ತದೆ. ಧಾರವಾಡದಲ್ಲೋ ಮೈಸೂರಿನಲ್ಲೋ ಕುಳಿತು ಬರೆಯುವವನಿಗೆ ಬೀದಿಯಲ್ಲಿ ಸಿಗುವ ಭಾಷೆ ಇಲ್ಲಿಯವನಿಗೆ ಪಾತ್ರದ ಬಾಯಿಯಲ್ಲಿ ಸಿಗಬೇಕು. ಪಾತ್ರದ ಮೇಲಿನ ಮಮತೆಗೆ ಇಲ್ಲಿ ಭಾಷಿಕವಾದ ಒಂದು ಕಾರಣ ಸೇರಿಕೊಳ್ಳುತ್ತದೆ. ಊರಿನ ಹಂಬಲವೆಂಬ ವಿವರಣೆಯ ವ್ಯಾಪ್ತಿಯಲ್ಲಿ ಈ ಕಾರಣ ಬರುವುದಿಲ್ಲ.

4

ಈ ಮಾತನ್ನು ಯಶವಂತ ಚಿತ್ತಾಲರ (1928–2014) ಬರವಣಿಗೆಯಲ್ಲಿ ಪರಿಶೀಲಿಸಬಹುದು. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರು. ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದು ಅಲ್ಲಿಯೇ ತೀರಿಕೊಂಡರು. 1957ರ ‘ಸಂದರ್ಶನ’ದಿಂದ ಮೊದಲ್ಗೊಂಡು ಅವರ ಕಥಾಲೋಕಕ್ಕೆ ಎರಡು ಧ್ರುವಗಳು: ಹನೇಹಳ್ಳಿ ಮತ್ತು ಮುಂಬಯಿ. ಅವರ ಸಂಕಲನಗಳ ಹೆಸರುಗಳನ್ನು ಗಮನಿಸಿದರೂ ಸಾಕು: ‘ಆಬೋಲಿನ’, ‘ಬೇನ್ಯಾ’, ‘ಸಿದ್ಧಾರ್ಥ’, ಕಾದಂಬರಿಗಳಲ್ಲಿ ‘ಪುರುಷೋತ್ತಮ’. ಕಥೆಗೆ ವ್ಯಕ್ತಿಯ ಹೆಸರನ್ನೇ ಇಡುವ ಈ ಒಲವು ಆಕಸ್ಮಿಕವಲ್ಲ. 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಸಂಕಲನದ ಹೆಸರು ‘ಕತೆಯಾದಳು ಹುಡುಗಿ’. ಹುಡುಗಿಯ ಕಥೆಯನ್ನು ಹೇಳಲಾಯಿತು ಎಂದು ಆ ಶೀರ್ಷಿಕೆ ಹೇಳುವುದಿಲ್ಲ. ಹುಡುಗಿಯೇ ಕಥೆಯಾದಳು ಎನ್ನುತ್ತದೆ. ವ್ಯಕ್ತಿ ಮತ್ತು ಕಥನದ ನಡುವೆ ಚಿತ್ತಾಲರು ಕಾಣುತ್ತಿದ್ದ ಸಂಬಂಧದ ಸೂತ್ರ ಅದರಲ್ಲಿಯೇ ಅಡಗಿದೆ.

ಹನೇಹಳ್ಳಿಯ ಪಾತ್ರಗಳ ಮೇಲೆ ಚಿತ್ತಾಲರಿಗಿರುವ ಮಮತೆಯನ್ನು ಊರಿನ ಹಂಬಲವೆಂದು ಕರೆಯಲು ಅಡ್ಡಿಯಿಲ್ಲ. ಆದರೆ 1979ರಲ್ಲಿ ಪ್ರಕಟವಾದ ‘ಶಿಕಾರಿ’ಯ ನಾಗಪ್ಪನ ವಿಷಯದಲ್ಲಿ ಈ ವಿವರಣೆ ನಿಲ್ಲುವುದಿಲ್ಲ. ಮುಂಬಯಿಯ ರಾಸಾಯನಿಕ ಕಂಪನಿಯೊಂದರಲ್ಲಿ ಹೊಣೆಯ ಹುದ್ದೆಯಲ್ಲಿರುವ ನಾಗಪ್ಪ ಒಂದು ದಿನ ಹಠಾತ್ತನೆ ಕೆಲಸದಿಂದ ಅಮಾನತುಗೊಳ್ಳುತ್ತಾನೆ. ತನ್ನನ್ನು ಬೇಟೆಯಾಡುತ್ತಿರುವವರು ಯಾರು, ಏಕೆ ಎಂಬುದು ಅವನಿಗೆ ತಿಳಿಯದು. ಕಾಫ್ಕಾನ ‘ವಿಚಾರಣೆ’ಯೊಡನೆ ಈ ಕಾದಂಬರಿಯನ್ನು ಹೋಲಿಸುವುದು ರೂಢಿ. ಹೋಲಿಕೆ ಒಪ್ಪತಕ್ಕದ್ದೇ ಆದರೂ ಒಂದು ವ್ಯತ್ಯಾಸ ಮುಖ್ಯವೆಂದು ನಮಗೆ ತೋರುತ್ತದೆ. ಕಾಫ್ಕಾ ತನ್ನ ನಾಯಕನಿಗೆ ಪೂರ್ಣ ಹೆಸರನ್ನೂ ಕೊಡುವುದಿಲ್ಲ, ಬಾಲ್ಯವನ್ನೂ ಕೊಡುವುದಿಲ್ಲ. ಚಿತ್ತಾಲರು ನಾಗಪ್ಪನಿಗೆ ಬಾಲ್ಯವನ್ನು ಕೊಡುತ್ತಾರೆ, ಊರನ್ನು ಕೊಡುತ್ತಾರೆ, ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವ ಭಾಷೆಯನ್ನು ಕೊಡುತ್ತಾರೆ. ಕಂಪನಿಯ ಕಡತದಲ್ಲಿ ಆರೋಪಿಯಾಗಿ ನಿಂತವನು ಕಾದಂಬರಿಯಲ್ಲಿ ಮನುಷ್ಯನಾಗಿ ಉಳಿಯುವುದು ಈ ಕೊಡುಗೆಗಳಿಂದ.

ಆಧುನಿಕ ಸಂಸ್ಥೆಗಳು ವ್ಯಕ್ತಿಯನ್ನು ಹುದ್ದೆಗೆ, ಸಂಖ್ಯೆಗೆ, ವರದಿಗೆ ಇಳಿಸುತ್ತವೆ. ತಂತ್ರಜ್ಞರಾದ ಚಿತ್ತಾಲರಿಗೆ ಈ ಇಳಿಸುವಿಕೆಯ ಭಾಷೆ ದೂರದಿಂದ ಕೇಳಿದ್ದಾಗಿರದೆ ದಿನನಿತ್ಯದ ಕೆಲಸದ ಭಾಷೆಯೇ ಆಗಿತ್ತು. ನಾಗಪ್ಪನನ್ನು ಅವರು ಬಿಟ್ಟುಕೊಡದಿರುವುದು ಕಡತದ ಭಾಷೆಗೆ ಒಡ್ಡಿದ ಪ್ರತಿರೋಧ. ಠಾಣೆ–ಬೇಲಾಪುರದ ಕಾರ್ಖಾನೆಗಳಲ್ಲಿ ಮೇಲ್ವಿಚಾರಕರಾಗಿಯೋ ಗುಮಾಸ್ತರಾಗಿಯೋ ದುಡಿದ ಕನ್ನಡಿಗರು ‘ಶಿಕಾರಿ’ಯನ್ನು ಓದುವಾಗ ಅದನ್ನು ಅಸ್ತಿತ್ವವಾದಿ ಕಾದಂಬರಿಯೆಂದು ಓದಬೇಕಾಗಿಲ್ಲ. ವಿಚಾರಣೆಯ ನೋಟೀಸು ಬಂದ ದಿನ ಮನೆಯವರಿಗೆ ಏನು ಹೇಳಬೇಕೆಂಬ ಅಂಜಿಕೆ ಅವರಿಗೆ ಪರಿಚಿತ.

ಹೀಗೆ ನೋಡಿದರೆ ಲೇಖಕನ ಮಮತೆಗೆ ಕಾರಣ ಪಾತ್ರದ ಸುಗುಣಗಳಲ್ಲ. ನಾಗಪ್ಪ ಶಂಕೆಯವನು, ಅಂಜುಬುರುಕ, ಒಮ್ಮೊಮ್ಮೆ ಓದುಗನಿಗೆ ಬೇಸರವನ್ನೂ ತರಿಸುವವನು. ಅವನ ಪಕ್ಷ ವಹಿಸುವವರು ಬೇರೆ ಯಾರೂ ಇಲ್ಲವೆಂಬುದೇ ಆ ಮಮತೆಯ ಮೂಲ. ಪಂಪನಿಗೆ ಕರ್ಣನ ಮೇಲಿದ್ದ ಒಲವಿಗೂ ಇದಕ್ಕೂ ದೂರದ ನೆಂಟಸ್ತಿಕೆಯಿದೆ.

5

ಜಯಂತ ಕಾಯ್ಕಿಣಿಯವರ (ಜನನ 1955, ಗೋಕರ್ಣ) ಕಥೆಗಳಲ್ಲಿ ಮಮತೆಯ ಇನ್ನೊಂದು ಬಗೆಯನ್ನು ಕಾಣುತ್ತೇವೆ. ಅವರೂ ಉತ್ತರ ಕನ್ನಡದವರು, ವಿಜ್ಞಾನದ ವಿದ್ಯಾರ್ಥಿ, ಎರಡು ದಶಕಗಳಿಗೂ ಹೆಚ್ಚು ಕಾಲ ಮುಂಬಯಿಯಲ್ಲಿ ಬಾಳಿದವರು. ಆದರೆ ‘ದಗಡೂ ಪರಬನ ಅಶ್ವಮೇಧ’ (1989), ‘ಅಮೃತಬಳ್ಳಿ ಕಷಾಯ’ (1996), ‘ತೂಫಾನ್ ಮೇಲ್’ (2005) ಈ ಸಂಕಲನಗಳ ಮುಂಬಯಿ ಪಾತ್ರಗಳಲ್ಲಿ ಅನೇಕರು ಕನ್ನಡಿಗರೇ ಅಲ್ಲ. ಮದುವೆಯ ಮೆರವಣಿಗೆಯಲ್ಲಿ ಕುದುರೆಯೇರಿ ಕುದುರೆಯೊಡನೆಯೇ ಓಡಿಹೋಗುವ ದಗಡೂ ಪರಬ; ತಮ್ಮ ಲಗ್ನಪತ್ರಿಕೆಯಲ್ಲಿ ಏನು ಅಚ್ಚು ಹಾಕಿಸಬೇಕೆಂದು ಚಿಂತಿಸುವ ಪೋಪಟ ಮತ್ತು ಆಸಾವರಿ; ಚಿತ್ರಮಂದಿರದ ಕುರ್ಚಿಗಳ ಕೆಳಗೆ ಪ್ರೇಕ್ಷಕರು ಮರೆತುಹೋದ ವಸ್ತುಗಳನ್ನು ಗುಡಿಸುವಾಗ ಕಾಣುವ ಇಂದ್ರನೀಲ; ಚಲನಚಿತ್ರಗಳಲ್ಲಿ ಬೇರೆಯವರ ಬದಲಿಗೆ ಧುಮುಕುವ ತೂಫಾನ್. ನಿಜ ಜೀವನದಲ್ಲಿ ಇವರು ಮರಾಠಿಯಲ್ಲೋ ಮುಂಬಯಿಯ ಹಿಂದಿಯಲ್ಲೋ ಮಾತನಾಡುವವರು. ಕಥೆಯಲ್ಲಿ ಕನ್ನಡ ಮಾತನಾಡುತ್ತಾರೆ.

ಊರಿನ ಹಂಬಲದ ಸಿದ್ಧಾಂತ ಇಲ್ಲಿ ಪೂರ್ಣವಾಗಿ ಕುಸಿಯುತ್ತದೆ. ಈ ಪಾತ್ರಗಳು ಲೇಖಕನ ಊರಿನವರಲ್ಲ, ಜಾತಿಯವರಲ್ಲ, ಭಾಷೆಯವರೂ ಅಲ್ಲ. ಹಾಗಿದ್ದರೂ ಕಾಯ್ಕಿಣಿಯವರ ಮಮತೆ ಅವರ ಮೇಲೆಯೇ ಹೆಚ್ಚು. ಇದಕ್ಕೆ ಒಂದು ಕಾರಣವನ್ನು ನಾವು ಸೂಚಿಸಬಯಸುತ್ತೇವೆ. ಲೋಕಲ್ ರೈಲಿನಲ್ಲಿ ಎದುರಿಗೆ ಕುಳಿತವನ ಮುಖ ಪ್ರತಿದಿನ ಕಾಣುತ್ತದೆ. ಅವನ ಡಬ್ಬಿಯ ಬಣ್ಣ ಗೊತ್ತು, ಅವನು ಇಳಿಯುವ ನಿಲ್ದಾಣ ಗೊತ್ತು, ಹೆಸರು ಗೊತ್ತಿಲ್ಲ. ಒಂದು ದಿನ ಅವನು ಬರುವುದಿಲ್ಲ; ವಿಚಾರಿಸಲು ಯಾರೂ ಇಲ್ಲ. ಇಂಥ ಅರ್ಧ ಪರಿಚಯಗಳು ನಗರದಲ್ಲಿ ನಿತ್ಯ ಕೂಡಿ ಬೀಳುತ್ತವೆ. ಕಥೆಗಾರ ಅವುಗಳಲ್ಲೊಂದನ್ನು ಎತ್ತಿಕೊಂಡು ಹೆಸರು, ಮನೆ, ತಾಯಿ, ಕನಸುಗಳನ್ನು ಕೊಟ್ಟು ಪರಿಚಯವನ್ನು ಪೂರ್ಣಗೊಳಿಸುತ್ತಾನೆ. ಅದಕ್ಕಾಗಿ ಅವನು ಕೊಡಬಹುದಾದ ಬಹುದೊಡ್ಡ ವಸ್ತು ತನ್ನ ಭಾಷೆ. ದಗಡೂವಿಗೆ ಕನ್ನಡವನ್ನು ಕೊಡುವುದೆಂದರೆ ತನ್ನ ಮನೆಯೊಳಗೆ ಕರೆದು ಕೂರಿಸಿದಂತೆ. ನಾವು ಯಾರಿಗೆ ಅನ್ನ ಬಡಿಸಿದ್ದೇವೆಯೋ ಅವರ ಮೇಲೆ ಮಮತೆ ಬೆಳೆಯುವುದು ಲೋಕದ ಅನುಭವ.

ಮರಾಠಿಯಲ್ಲಿ ಪು. ಲ. ದೇಶಪಾಂಡೆಯವರ ‘ವ್ಯಕ್ತಿ ಆಣಿ ವಲ್ಲಿ’ಯನ್ನು ಈ ಸಂದರ್ಭದಲ್ಲಿ ನೆನೆಯಬಹುದು. 1965ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಆ ವ್ಯಕ್ತಿಚಿತ್ರಗಳ ಮಂದಿಯನ್ನು ಠಾಣೆ–ಡೊಂಬಿವಲಿಯ ಮರಾಠಿ ಓದುಗರು ತಮ್ಮ ನೆರೆಮನೆಯವರಂತೆ ಉಲ್ಲೇಖಿಸುತ್ತಾರೆ. ಅಲ್ಲಿ ಲೇಖಕ, ಪಾತ್ರ, ಓದುಗ ಮೂವರ ಭಾಷೆಯೂ ಒಂದೇ. ಕಾಯ್ಕಿಣಿಯವರಲ್ಲಿ ಪಾತ್ರವೂ ಓದುಗನೂ ಬೇರೆ ಬೇರೆ ಭಾಷೆಯವರು. ಅವರ ನಡುವೆ ನಿಂತ ಲೇಖಕ ಇಬ್ಬರಿಗೂ ಜವಾಬು ಹೇಳಬೇಕು. ತೇಜಸ್ವಿನಿ ನಿರಂಜನ ಅವರು ಈ ಕಥೆಗಳಲ್ಲಿ ಕೆಲವನ್ನು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದು, ಅದಕ್ಕೆ 2018ನೆಯ ಸಾಲಿನ ಡಿ.ಎಸ್.ಸಿ. ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಬಂದಾಗ ಇಂದ್ರನೀಲ, ದಗಡೂ ಮೊದಲಾದವರು ಮೂರನೆಯ ಭಾಷೆಗೆ ದಾಟಿದರು. ಕರ್ನಾಟಕದ ಹೊರಗಿನ ಸಂಶೋಧಕರಲ್ಲಿ ಹಲವರು ಅವರನ್ನು ಅಲ್ಲಿಯೇ ಭೇಟಿಯಾಗಿದ್ದಾರೆ. ಅನುವಾದವನ್ನು ಮಾತ್ರ ಓದಿದವರಿಗೆ ಇವರು ಮುಂಬಯಿಯ ಜನ. ಮೂಲವನ್ನು ಓದಿದವರಿಗೆ ಇವರು ಕನ್ನಡದ ಸಾಕುಮಕ್ಕಳೂ ಹೌದು. ಈ ಎರಡನೆಯ ಅಂಶವನ್ನು ಬಿಟ್ಟರೆ ಲೇಖಕನ ಮಮತೆಯ ಅರ್ಧ ಕಾರಣ ಕೈತಪ್ಪುತ್ತದೆ.

6

ಖ್ಯಾತರ ಕೃತಿಗಳಿಂದ ಮಾತ್ರ ಸಿದ್ಧಾಂತ ಕಟ್ಟುವುದು ಸರಿಯಲ್ಲವಾದ್ದರಿಂದ ಇಲ್ಲಿ ಒಂದು ಅಪ್ರಕಟಿತ ಕಥೆಯ ವಿಷಯವನ್ನು ಪ್ರಸ್ತಾಪಿಸುತ್ತೇವೆ. ಡೊಂಬಿವಲಿಯ ಒಬ್ಬ ಕಥೆಗಾರ್ತಿ, ನೌಕರಿಯಿಂದ ನಿವೃತ್ತರಾದವರು, ತಮ್ಮ ಕಥೆಯೊಂದನ್ನು ಅಭಿಪ್ರಾಯಕ್ಕೆಂದು ನಮಗೆ ಕಳುಹಿಸಿದ್ದರು. ಕುಂದಾಪುರದ ಕಡೆಯಿಂದ ಬಂದು ಕಲ್ಯಾಣದ ಹೋಟೆಲೊಂದರಲ್ಲಿ ಮೇಜು ಒರೆಸುವ ಹುಡುಗ ಅದರ ನಾಯಕ. ರಾತ್ರಿ ಶಾಲೆಯ ಪರೀಕ್ಷೆಗೆ ಹೊರಟವನು ಕಿಕ್ಕಿರಿದ ರೈಲಿನ ಬಾಗಿಲಿನಲ್ಲಿ ನೇತಾಡಿಕೊಂಡು ಹೋಗುವಾಗ ಬಿದ್ದು ಸಾಯುತ್ತಾನೆಂಬುದು ಮೊದಲ ಕರಡಿನ ಅಂತ್ಯ. ಎರಡನೆಯ ಕರಡಿನಲ್ಲಿ ಅವನು ಗಾಯಗೊಂಡು ಉಳಿಯುತ್ತಾನೆ. ಮೂರನೆಯದರಲ್ಲಿ ಆ ರೈಲು ಅವನಿಗೆ ತಪ್ಪುತ್ತದೆ; ಅವನು ಪ್ಲಾಟ್‌ಫಾರ್ಮಿನ ಮೇಲೆ ಕುಳಿತು ಪುಸ್ತಕ ತೆರೆಯುತ್ತಾನೆ.

ಮೊದಲ ಅಂತ್ಯವೇ ಸರಿಯೆಂದೂ ಉಳಿದವು ಭಾವುಕವೆಂದೂ ನಾವು ಬರೆದೆವು. ಅವರಿಂದ ಬಂದ ಉತ್ತರ ಚಿಕ್ಕದಾಗಿತ್ತು: “ಮೊದಲ ಕರಡಿನಲ್ಲಿ ಆ ಹುಡುಗನಿಗೆ ಹೆಸರಿರಲಿಲ್ಲ ಸರ್. ಎರಡನೆಯದರಲ್ಲಿ ಹೆಸರಿಟ್ಟೆ. ಆಮೇಲೆ ನನ್ನಿಂದ ಆಗಲಿಲ್ಲ.”

ಕರಡುಗಳನ್ನು ಮತ್ತೆ ತೆಗೆದು ನೋಡಿದಾಗ ಅವರ ಮಾತು ಅಕ್ಷರಶಃ ನಿಜವಾಗಿತ್ತು. ಹೆಸರಿಲ್ಲದ ಹುಡುಗ ‘ಹೋಟೆಲು ಹುಡುಗರ ದುರವಸ್ಥೆ’ ಎಂಬ ವಿಷಯದ ಉದಾಹರಣೆಯಾಗಿದ್ದನು. ಉದಾಹರಣೆಯನ್ನು ಕೊಲ್ಲುವುದು ಸುಲಭ. ಹೆಸರು ಬಂದೊಡನೆ ಅವನ ಮಾತಿಗೆ ಕುಂದಗನ್ನಡದ ವರಸೆ ಬಂದಿತ್ತು, ತಂಗಿಯೊಬ್ಬಳು ಬಂದಿದ್ದಳು, ಎಡಗೈಯಿಂದ ಮೇಜು ಒರೆಸುವ ಅಭ್ಯಾಸ ಬಂದಿತ್ತು. ಕಥೆಗಾರ್ತಿ ಯೋಜಿಸದ ಈ ವಿವರಗಳು ಪಾತ್ರದ ಕಡೆಯಿಂದಲೇ ಬಂದಂತಿದ್ದವು. ನಾವು ಮೇಲೆ ಎತ್ತಿದ ಪ್ರಶ್ನೆಗೆ, ಅಂದರೆ ಪೂರ್ಣ ಅಧಿಕಾರವಿರುವಲ್ಲಿ ಮಮತೆ ಹೇಗೆ ಹುಟ್ಟುತ್ತದೆಂಬ ಪ್ರಶ್ನೆಗೆ, ಇಲ್ಲಿ ಉತ್ತರದ ಒಂದು ಎಳೆ ಸಿಗುತ್ತದೆ. ಪಾತ್ರ ಲೇಖಕನ ಅಧಿಕಾರದಿಂದ ಹೊರಕ್ಕೆ ಮೊದಲ ಹೆಜ್ಜೆ ಇಟ್ಟ ಗಳಿಗೆಯಲ್ಲಿಯೇ ಮಮತೆ ಆರಂಭವಾಗುತ್ತದೆ. ಅಧಿಕಾರ ಕಡಿಮೆಯಾದಷ್ಟೂ ಋಣ ಹೆಚ್ಚುತ್ತದೆ.

ನಮ್ಮ ಸಲಹೆ ತಪ್ಪಾಗಿತ್ತೆ? ಅರ್ಧ ತಪ್ಪಾಗಿತ್ತೆಂದು ಈಗ ಅನ್ನಿಸುತ್ತದೆ. ಮೊದಲ ಕರಡಿನ ಸಾವು ಕಲಾತ್ಮಕವಾಗಿರಲಿಲ್ಲ. ಅದು ಕೇವಲ ನಿರ್ದಯವಾಗಿತ್ತು. ನಿರ್ದಯತೆಯನ್ನು ನಾವು ಸಂಯಮವೆಂದು ಭ್ರಮಿಸಿದ್ದೆವು. ಆದರೆ ಮೂರನೆಯ ಅಂತ್ಯವೂ ನಮಗೆ ಪೂರ್ಣ ಒಪ್ಪಿಗೆಯಾಗುವುದಿಲ್ಲ. ಆ ದಾರಿಯಲ್ಲಿ ನಿತ್ಯ ಓಡಾಡುವ ಯಾರಿಗೂ ಗೊತ್ತಿರುವಂತೆ, ರೈಲಿನ ಬಾಗಿಲಿನಿಂದ ಬೀಳುವವರು ನಿಜವಾಗಿಯೂ ಬೀಳುತ್ತಾರೆ. ಒಬ್ಬನನ್ನು ಉಳಿಸಿದಾಗ ಅವನ ಬದಲಿಗೆ ಬಿದ್ದವನ ಕಥೆ ಹೇಳದೆ ಉಳಿಯುತ್ತದೆ. ಮಮತೆ ಪಾತ್ರವನ್ನು ವ್ಯಕ್ತಿಯಾಗಿಸುತ್ತದೆ ಎಂಬುದೂ ನಿಜ. ಅದೇ ಮಮತೆ ಸತ್ಯವನ್ನು ಒಂದು ರೈಲಿನಷ್ಟು ತಡ ಮಾಡುತ್ತದೆ ಎಂಬುದೂ ನಿಜ.

7

ಇದರಿಂದ ಮಮತೆಯ ಮಿತಿಗಳ ಪ್ರಶ್ನೆಗೆ ಬರುತ್ತೇವೆ. ಎರಡು ಮಿತಿಗಳನ್ನು ಇಲ್ಲಿ ಹೆಸರಿಸುತ್ತೇವೆ.

ಮೊದಲನೆಯದು ಕೃತಿಯ ಒಳಗಿನದು. ‘ಶಿಕಾರಿ’ಯ ಕಥನವು ನಾಗಪ್ಪನ ಪ್ರಜ್ಞೆಗೆ ಎಷ್ಟು ಹತ್ತಿರ ನಿಲ್ಲುತ್ತದೆಯೆಂದರೆ ಅವನನ್ನು ಬೇಟೆಯಾಡುವವರಿಗೆ ಒಳಬದುಕೇ ಇಲ್ಲದಾಗುತ್ತದೆ. ಫಿರೋಜ್ ಬಂದೂಕವಾಲಾನನ್ನು ನಾವು ಕಾಣುವುದು ನಾಗಪ್ಪನ ಶಂಕೆಯ ಕಣ್ಣಿನಿಂದ. ಕಾದಂಬರಿಯ ಆಶಯಕ್ಕೆ ಇದು ಅಗತ್ಯವೆಂದು ವಾದಿಸಬಹುದು. ಬೇಟೆಗೊಳಗಾದ ಪ್ರಾಣಿಗೆ ಬೇಟೆಗಾರನ ಮನಸ್ಸು ತಿಳಿಯುವುದಿಲ್ಲ. ಆದರೂ ಒಬ್ಬನಿಗೆ ಸಂದ ಮಮತೆಯ ಬೆಲೆಯನ್ನು ಇನ್ನೊಬ್ಬರು ತೆತ್ತಿದ್ದಾರೆಂಬುದನ್ನು ಮರೆಯಬಾರದು. ಎಲ್ಲ ಪಾತ್ರಗಳನ್ನೂ ಸಮನಾಗಿ ಪ್ರೀತಿಸುವ ಕೃತಿಗಳು ವಿರಳ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಅಂಥದೊಂದು ಎಂದು ನಾವು ತಿಳಿದಿದ್ದೇವೆ. ಅಲ್ಲಿ ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ಒಂದೇ ತೂಕದ ಮಮತೆಗೆ ಪಾತ್ರರು.

ಎರಡನೆಯ ಮಿತಿ ಹೆಚ್ಚು ಗಂಭೀರವಾದದ್ದು. ಮಮತೆಗೆ ಪಾತ್ರ ಬೇಕು. ಪಾತ್ರವೇ ಹುಟ್ಟದಿದ್ದರೆ ಮಮತೆಯ ಪ್ರಶ್ನೆಯೇ ಇಲ್ಲ. ಮುಂಬಯಿ ಪರಿಸರದ ಕನ್ನಡ ಕಥನದಲ್ಲಿ ಕರಾವಳಿಯ ಹೋಟೆಲು ಹುಡುಗ, ಉತ್ತರ ಕನ್ನಡದ ಗುಮಾಸ್ತ, ವಿದ್ಯಾವಂತ ಅಧಿಕಾರಿ, ಚಾಳಿನ ಮರಾಠಿ ನೆರೆಯವ ಇವರೆಲ್ಲ ಇದ್ದಾರೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ದ ಮೂಲಕ ಕಾರ್ಮಿಕ ಸಂಘಟನೆಯ ಲೋಕವೂ ಅದರೊಳಗೆ ಬಂದಿದೆ, ಆ ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಸಂದಿತು. ಆದರೆ ನವಿ ಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಕಲಬುರಗಿ ಸೀಮೆಯ ಹೆಂಗಸು ನಾವು ಓದಿದ ಮಟ್ಟಿಗೆ ಯಾವ ಕಥೆಗಾರನ ಮಮತೆಗೂ ಪಾತ್ರಳಾಗಿ ಕಾಣುವುದಿಲ್ಲ. ಬಂದರೂ ಗುಂಪಿನಲ್ಲಿ ಬರುತ್ತಾಳೆ, ಹೆಸರಿಲ್ಲದೆ ಬರುತ್ತಾಳೆ. ಡೊಂಬಿವಲಿಯ ಕಥೆಗಾರ್ತಿಯ ಮೊದಲ ಕರಡಿನ ಹುಡುಗನಂತೆ. ಅವಳ ಮಾತು ಕನ್ನಡವೇ. ಅದಕ್ಕೆ ಭಾಷೆಯ ಸಾಲ ಕೊಡಬೇಕಾಗಿಲ್ಲ. ದಗಡೂ ಪರಬನಿಗೆ ಕನ್ನಡವನ್ನು ಧಾರೆಯೆರೆದ ಸಾಹಿತ್ಯ, ಹುಟ್ಟಿನಿಂದ ಕನ್ನಡದವಳಾದ ಇವಳನ್ನು ಹೊರಗೆ ನಿಲ್ಲಿಸಿದ್ದು ಹೇಗೆ?

ಇದನ್ನು ಯಾವೊಬ್ಬ ಲೇಖಕರ ಮೇಲಿನ ಆರೋಪವಾಗಿ ನಾವು ಹೇಳುತ್ತಿಲ್ಲ. ಮಮತೆಯನ್ನು ಆದೇಶದಿಂದ ಹುಟ್ಟಿಸಲಾಗುವುದಿಲ್ಲ. ಬೊಮ್ಮಿಯ ಹುಲ್ಲು ಹೊರೆಯ ಭಾರವನ್ನು ಚಿತ್ತಾಲರು ಅರಿತದ್ದು ಹನೇಹಳ್ಳಿಯ ದಾರಿಯಲ್ಲಿ ಅದನ್ನು ಕಂಡಿದ್ದರಿಂದ. ಇಟ್ಟಿಗೆ ಹೊರೆಯ ಭಾರವನ್ನು ಬಲ್ಲ ಕಥೆಗಾರ್ತಿ ಆ ಕಟ್ಟಡಗಳ ನಡುವಿನಿಂದಲೇ ಬರಬೇಕಾಗಬಹುದು. ಆದರೆ ಅವಳ ಮಕ್ಕಳು ಓದಬೇಕಾದ ಕನ್ನಡ ಮಾಧ್ಯಮದ ಶಾಲೆಗಳು ಈ ಊರುಗಳಲ್ಲಿ ಕ್ಷೀಣಿಸುತ್ತಿವೆ. ಕೆಲಸ ಮುಗಿದೊಡನೆ ಬೇರೊಂದು ಕಟ್ಟಡಕ್ಕೆ ಸರಿಯುವ ಕುಟುಂಬದ ಮಗು ಯಾವ ಮಾಧ್ಯಮದಲ್ಲಿಯೂ ನೆಲೆ ನಿಲ್ಲುವುದು ಕಷ್ಟ. ಕಥೆ ಬರೆಯಬಹುದಾದವಳು ಅಕ್ಷರದ ಹೊಸ್ತಿಲಲ್ಲಿಯೇ ಉಳಿದುಹೋಗುವ ಅಪಾಯವಿದೆ. ನಮ್ಮ ಚರ್ಚೆ ಕೇವಲ ಸೌಂದರ್ಯಮೀಮಾಂಸೆಯದಾಗಿ ಉಳಿಯದಿರುವುದು ಇದರಿಂದ.

8

ಒಟ್ಟಾರೆಯಾಗಿ ಹೇಳುವುದಾದರೆ, ಕೃತಿಕಾರನಿಗೆ ಕೆಲವು ಸ್ವಕಲ್ಪಿತ ಪಾತ್ರಗಳ ಮೇಲೆ ಹುಟ್ಟುವ ಮಮತೆಗೆ ಈ ಪರಿಸರದಲ್ಲಿ ನಾಲ್ಕು ಕಾರಣಗಳನ್ನು ಗುರುತಿಸಬಹುದು. ಬಿಟ್ಟುಬಂದ ಲೋಕವನ್ನು ಪಾತ್ರ ಹೊತ್ತು ತರುತ್ತದೆ. ಇದು ಎಲ್ಲರೂ ಒಪ್ಪಿರುವ ಕಾರಣ. ಬೇರೆ ಯಾರೂ ಪಕ್ಷ ವಹಿಸದ ವ್ಯಕ್ತಿಗೆ ಲೇಖಕನೊಬ್ಬನೇ ಸಾಕ್ಷಿಯಾಗಿ ನಿಲ್ಲುತ್ತಾನೆ. ನಾಗಪ್ಪ ಇದಕ್ಕೆ ನಿದರ್ಶನ. ಭಾಷೆಯ ಏಕಾಂತದಲ್ಲಿರುವ ಲೇಖಕ ಪಾತ್ರಕ್ಕೆ ತನ್ನ ಭಾಷೆಯನ್ನು ಕೊಟ್ಟು ಅದರಿಂದಲೇ ಮರಳಿ ಪಡೆಯುತ್ತಾನೆ. ದಗಡೂ, ಪೋಪಟ, ಆಸಾವರಿ, ಇಂದ್ರನೀಲರು ಇದಕ್ಕೆ ನಿದರ್ಶನ. ಕೊನೆಯದಾಗಿ, ಹೆಸರು ಪಡೆದ ಪಾತ್ರ ಲೇಖಕನ ಯೋಜನೆಯನ್ನು ಮೀರಿದಾಗ ಒಡೆತನವು ಋಣವಾಗಿ ಮಾರ್ಪಡುತ್ತದೆ.

ಈ ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ ಗಮನಿಸಿ ಮುಂಬಯಿ ಕನ್ನಡ ಸಾಹಿತ್ಯವನ್ನು ಹಂಬಲದ ಸಾಹಿತ್ಯವೆಂದು ವರ್ಗೀಕರಿಸುವುದು ಸಮರ್ಪಕವಲ್ಲ. ದೆಹಲಿ, ಚೆನ್ನೈ, ಹೈದರಾಬಾದುಗಳಂಥ ಇತರ ಹೊರನಾಡುಗಳ ಕನ್ನಡ ಬರವಣಿಗೆಯನ್ನೂ ಇದೇ ನಾಲ್ಕು ನೆಲೆಗಳಿಂದ ಪರಿಶೀಲಿಸಿದರೆ ಮೂರನೆಯ ಕಾರಣ, ಅಂದರೆ ಭಾಷೆಯ ಕೊಡುಕೊಳೆ, ಎಲ್ಲೆಡೆ ಒಂದೇ ರೀತಿ ಕೆಲಸ ಮಾಡಿದೆಯೇ ಎಂಬುದು ಸ್ಪಷ್ಟವಾದೀತು. ಪ್ರಕಟಿತ ಕೃತಿಗಳ ಜೊತೆಗೆ ಸಂಘಗಳ ಸ್ಮರಣಸಂಚಿಕೆಗಳಲ್ಲಿ, ಕಪಾಟುಗಳಲ್ಲಿ ಉಳಿದಿರುವ ಕರಡುಗಳನ್ನೂ ಸಂಗ್ರಹಿಸುವುದು ಈ ಅಧ್ಯಯನಕ್ಕೆ ಅವಶ್ಯಕ. ಪಾತ್ರದ ಮೇಲಿನ ಮಮತೆ ಅಚ್ಚಾದ ಪ್ರತಿಗಿಂತ ಹೊಡೆದುಹಾಕಿದ ಸಾಲುಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಡೊಂಬಿವಲಿಯ ಕಥೆಗಾರ್ತಿಗೆ ನಾವು ಮತ್ತೆ ಬರೆದೆವು. ಮೂರನೆಯ ಅಂತ್ಯ ಇರಲಿ, ಆದರೆ ಆ ಹುಡುಗ ಪ್ಲಾಟ್‌ಫಾರ್ಮಿನ ಮೇಲೆ ಕುಳಿತಿರುವಾಗ ತಪ್ಪಿದ ರೈಲಿನಲ್ಲಿ ಯಾರೋ ಬಿದ್ದ ಸುದ್ದಿ ಅವನಿಗೆ ತಲುಪಲಿ ಎಂದು ಸೂಚಿಸಿದೆವು. ಈ ಲೇಖನವನ್ನು ಅಚ್ಚಿಗೆ ಕೊಡುವ ಹೊತ್ತಿಗೆ ಅವರಿಂದ ಉತ್ತರ ಬಂದಿದೆ. ಬಿದ್ದವನಿಗೂ ಒಂದು ಹೆಸರು ಬೇಕಾಗುತ್ತದೆ, ಅದಕ್ಕೆ ಇನ್ನೂ ಸ್ವಲ್ಪ ಕಾಲ ಬೇಕು ಎಂದು ಬರೆದಿದ್ದಾರೆ.